ಒಡಂಬಡಿಕೆ ಎಂಬ ಮಾತು

ಬೈಬಲಿನ ಎರಡನೆಯ ಭಾಗಕ್ಕೆ ಕನ್ನಡದಲ್ಲಿ ‘ಹೊಸ ಒಡಂಬಡಿಕೆ’ ಎಂದು ಹೆಸರು. ಅದೇ 27 ಪುಸ್ತಕಗಳ ಕಟ್ಟು ಮರಾಠಿಯಲ್ಲಿ ‘ನವಾ ಕರಾರ್’, ಉರ್ದುವಿನಲ್ಲಿ ‘ನಯಾ ಅಹದ್‌ನಾಮಾ’, ತೆಲುಗಿನಲ್ಲಿ ‘ಕ್ರೊತ್ತ ನಿಬಂಧನ’. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಭಾಲ್ಕಿ, ಔರಾದ, ಬೀದರ್ ಸೀಮೆಯಲ್ಲಿ ಈ ನಾಲ್ಕೂ ಭಾಷೆಗಳು ಕಿವಿಗೆ ಬೀಳುತ್ತವೆ. ಹೊಲ ಪಾಲಿಗೆ ಕೊಡುವವರಿಗೆ ಕರಾರು ಗೊತ್ತು: ಒಬ್ಬ ಮಾತು ತಪ್ಪಿದರೆ ಅದು ಮುರಿದಂತೆ. ‘ಒಡಂಬಡು’ ಎಂದರೆ ಮನಸಾರೆ ಒಪ್ಪುವುದು. ಕ್ರೈಸ್ತರು ನಂಬುವ ಅರ್ಥಕ್ಕೆ ಕನ್ನಡದ ಈ ಪದವೇ ಹೆಚ್ಚು ಹತ್ತಿರ.

ದೇವರಿಗೂ ಇಸ್ರಾಯೇಲ್ ಜನರಿಗೂ ನಡುವಿನ ಹಳೆಯ ಒಡಂಬಡಿಕೆ ಸೀನಾಯಿ ಬೆಟ್ಟದಲ್ಲಿ ಆದದ್ದು. ಮೋಶೆ ಬಲಿಯ ರಕ್ತದಲ್ಲಿ ಅರ್ಧವನ್ನು ಬಲಿಪೀಠಕ್ಕೆ ಎರಚಿ, ಉಳಿದರ್ಧವನ್ನು ಜನರ ಮೇಲೆ ಪ್ರೋಕ್ಷಿಸಿದ. ಧರ್ಮಶಾಸ್ತ್ರಕ್ಕೆ ನಡೆದುಕೊಳ್ಳುತ್ತೇವೆಂದು ಜನ ಮಾತು ಕೊಟ್ಟರು, ಉಳಿಸಿಕೊಳ್ಳಲಿಲ್ಲ. ಕ್ರಿ.ಪೂ. 600ರ ಆಸುಪಾಸಿನಲ್ಲಿ, ಜೆರುಸಲೇಮ್ ಬೀಳುವ ಕಾಲದಲ್ಲಿ, ಪ್ರವಾದಿ ಯೆರೆಮೀಯ ಹೊಸದೊಂದನ್ನು ಸಾರಿದ. ಅದು ಕಲ್ಲಿನ ಹಲಗೆ ಬಿಟ್ಟು ಎದೆಯಲ್ಲಿ ಬರೆದಿರುತ್ತದೆ; ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ದೇವರನ್ನು ಬಲ್ಲವರಾಗುತ್ತಾರೆ; ಅವರ ಪಾಪವನ್ನು ದೇವರು ಮತ್ತೆ ನೆನೆಯುವುದಿಲ್ಲ.

ಈ ಮಾತು ನೆರವೇರಿದ್ದು ಯೇಸುವಿನ ಕಡೆಯ ರಾತ್ರಿಯ ಊಟದಲ್ಲಿ ಎಂಬುದು ಕ್ರೈಸ್ತ ನಂಬಿಕೆ. ದ್ರಾಕ್ಷಾರಸದ ಪಾತ್ರೆ ಎತ್ತಿಕೊಂಡು, ಇದು ತನ್ನ ರಕ್ತದಿಂದಾಗುವ ಹೊಸ ಒಡಂಬಡಿಕೆ ಎಂದು ಆತ ಹೇಳಿದುದನ್ನು ಲೂಕನೂ ಪೌಲನೂ ದಾಖಲಿಸಿದ್ದಾರೆ. ಮರುದಿನದ ಶಿಲುಬೆಯ ಮರಣವೇ ಇದರ ಮುದ್ರೆ. ಮೂಲ ಗ್ರೀಕಿನ ‘ದಿಯಾಥೇಕೇ’ ಪದಕ್ಕೆ ಉಯಿಲು ಎಂಬ ಅರ್ಥವೂ ಇದೆ. ಬರೆದವನು ಸತ್ತ ಮೇಲೆ ತಾನೇ ಉಯಿಲು ಜಾರಿಗೆ ಬರುವುದು? ಇಬ್ರಿಯರಿಗೆ ಬರೆದ ಪತ್ರದ ವಾದ ಇದನ್ನೇ ಹಿಡಿದು ಸಾಗುತ್ತದೆ.

ಹಾಗಾದರೆ ಹಳೆಯದು ರದ್ದಾಯಿತೇ? ಕ್ರೈಸ್ತರಲ್ಲೇ ಒಮ್ಮತವಿಲ್ಲ. ಯೆಹೂದ್ಯರನ್ನು ದೇವರು ತಳ್ಳಿಬಿಟ್ಟಿದ್ದಾನೆಂದು ಬಿಂಬಿಸಬಾರದು ಎಂದು ಕಥೋಲಿಕ ಸಭೆ 1965ರಲ್ಲಿ ಸ್ಪಷ್ಟಪಡಿಸಿತು.

ಬೀದರ್ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಸಭೆ ಹಳೆಯದು. ಇಲ್ಲಿನ ಕ್ರೈಸ್ತರಲ್ಲಿ ದಲಿತ ಮೂಲದವರು ಬಹಳ. ಊರ ಬಾವಿಯಿಂದ ದೂರ ಇಡಲಾಗಿದ್ದ ಮನೆತನಗಳಿಗೆ, ಯೇಸುವಿನ ಆ ಕಡೆಯ ಊಟದ ನೆನಪಿಗೆ ಎಲ್ಲರ ಜೊತೆ ಮೊಣಕಾಲೂರಿ ಒಂದೇ ರೊಟ್ಟಿ ಹಂಚಿಕೊಳ್ಳುವ ಪ್ರಭುಭೋಜನದಲ್ಲಿ ‘ಚಿಕ್ಕವರು ದೊಡ್ಡವರೆನ್ನದೆ’ ಎಂಬ ಮಾತು ಕಣ್ಣಿಗೇ ಕಾಣುವಂಥದ್ದು. ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಲಂಡನ್ನಿನಲ್ಲಿ 1755ರ ಆಗಸ್ಟ್ 11ರಂದು ಒಡಂಬಡಿಕೆಯನ್ನು ನವೀಕರಿಸುವ ಆರಾಧನೆ ನಡೆಸಿದ. ಮುಂದೆ ಅದು ಹೊಸ ವರ್ಷದ ಆರಂಭಕ್ಕೆ ಸೇರಿಕೊಂಡಿತು. ಅಲ್ಲಿ ಸಭೆಯವರು ತಮ್ಮನ್ನು ದೇವರಿಗೆ ಒಪ್ಪಿಸಿ, ಕೊನೆಗೆ ಪ್ರಭುಭೋಜನಕ್ಕೆ ಕೂಡುತ್ತಾರೆ.