ರಿಯಾಯಿತಿ ಯಾರ ಕಿಸೆಯಿಂದ?

ಬೇಸಿಗೆಯಲ್ಲಿ ಕುಮಟಾದ ಅಳ್ವೆಕೋಡಿಯ ಹೆದ್ದಾರಿಯಂಚಿನಲ್ಲಿ ಸಿಹಿ ಈರುಳ್ಳಿಯ ಗೊಂಚಲು ಮಾರುವವರೂ, ರಮ್ಜಾನ್ ಮಾಸದಲ್ಲಿ ಭಟ್ಕಳ ಪೇಟೆಯಲ್ಲಿ ಬಟ್ಟೆ ಮಾರುವವರೂ ಚೌಕಾಸಿಯನ್ನು ನಿರೀಕ್ಷಿಸಿಯೇ ದರ ಹೇಳುವುದುಂಟು. ಹೊನ್ನಾವರದ ಕಿರಾಣಿ ವರ್ತಕರಿಗೆ ಆ ಅನುಕೂಲವಿಲ್ಲ. ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಬೆಲೆಯನ್ನು ಅವರು ಇಳಿಸಬಹುದೇ ಹೊರತು ಏರಿಸುವಂತಿಲ್ಲ.

ರೂ. 80ಕ್ಕೆ ಕೊಂಡು ರೂ. 100ಕ್ಕೆ ಮಾರುವ ಸರಕಿಗೆ ಶೇ. 10 ರಿಯಾಯಿತಿ ಕೊಟ್ಟರೆ, ಗಿರಾಕಿಯ ಲೆಕ್ಕದಲ್ಲಿ ಹೋದದ್ದು ಹತ್ತನೆಯ ಒಂದು ಪಾಲು. ವರ್ತಕರ ಲೆಕ್ಕದಲ್ಲಿ ಲಾಭದ ಅರ್ಧ. ಮೊದಲಿನಷ್ಟೇ ಲಾಭ ಉಳಿಯಬೇಕಾದರೆ ಮಾರಾಟ ಇಮ್ಮಡಿಯಾಗಬೇಕು. ಅಂಗಡಿಯ ಬಾಡಿಗೆ, ಸಂಬಳಗಳು ಮಾತ್ರ ಅರ್ಧವಾಗುವುದಿಲ್ಲ.

‘ಬಿಲ್ಲು ಬೇಡ, ಜಿಎಸ್‌ಟಿ ಬಿಟ್ಟುಬಿಡಿ’ ಎಂಬುದು ಇನ್ನೊಂದು ಬೇಡಿಕೆ. ಇದು ರಿಯಾಯಿತಿಯಲ್ಲ, ಅಪಾಯ. ನೋಂದಾಯಿತ ವರ್ತಕರು ಬಿಲ್ಲಿಲ್ಲದೆ ಮಾರಿದರೆ ರೂ. 10,000 ಅಥವಾ ತಪ್ಪಿಸಿದ ತೆರಿಗೆ, ಇವುಗಳಲ್ಲಿ ಹೆಚ್ಚಿನದು ದಂಡವಾಗುತ್ತದೆ. ಯುಪಿಐ ಜಮೆಗಳೂ ಲೆಕ್ಕಕ್ಕೆ ಸಿಗುತ್ತವೆಂಬುದನ್ನು 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಬಂದ ನೋಟಿಸುಗಳು ತೋರಿಸಿವೆ. ನಿಜವಾದ ರಿಯಾಯಿತಿಯನ್ನು ಬಿಲ್ಲಿನಲ್ಲೇ ನಮೂದಿಸಿದರೆ ಇಳಿಸಿದ ಮೌಲ್ಯಕ್ಕಷ್ಟೇ ತೆರಿಗೆ ಬೀಳುತ್ತದೆ.

ಹಾಗೆಂದು ಯಾರಿಗೂ ಬಿಡಬಾರದೆಂದಲ್ಲ. ಬಿಡುವುದಕ್ಕೆ ಪ್ರತಿಯಾಗಿ ಏನಾದರೂ ಬರಬೇಕು: ಹೆಚ್ಚಿನ ಪ್ರಮಾಣದ ಖರೀದಿ, ಉದ್ರಿಯ ಬದಲು ರೋಖು, ಉಳಿದ ಸರಕಿನ ವಿಲೇವಾರಿ. ಈ ನಿಯಮವನ್ನು ಅಂಗಡಿಯಲ್ಲಿ ಬರೆದು ತೂಗುಹಾಕಿರಿ. ಎಲ್ಲರಿಗೂ ಸಮನಾಗಿ ಅನ್ವಯಿಸಿರಿ. ಗದ್ದಲ ಮಾಡಿದವರಿಗೆ ಮಾತ್ರ ಬೆಲೆ ಇಳಿಸಿದರೆ, ಮಾತಾಡದೆ ಹಣವಿತ್ತು ಹೋಗುವ ಹಳೆಯ ಗಿರಾಕಿಗೆ ದಂಡ ವಿಧಿಸಿದಂತಾಗುತ್ತದೆ. ಅದು ಅವರಿಗೆ ತಿಳಿದ ದಿನ ಆಗುವ ನಷ್ಟವನ್ನು ಯಾವ ಖಾತೆಯಲ್ಲಿ ಬರೆಯುವುದು?