ಕೈ ಜಿಪಿಎಸ್ ಕೊಳ್ಳುವ ಮುನ್ನ ಇಷ್ಟು ಗಮನಿಸಿ

ಸಹ್ಯಾದ್ರಿ ಚಾರಣವಿರಲಿ, ಮರಗಣತಿ ಇರಲಿ, ಅಕ್ಷಾಂಶ-ರೇಖಾಂಶ ದಾಖಲಿಸಲು ಮೊಬೈಲ್ ಸಾಲದೇ? ಒಂದೆರಡು ಗಂಟೆಯ ಕೆಲಸಕ್ಕೆ ಸಾಕು. ದಿನವಿಡೀ ಕಾಡು ಸುತ್ತುವವರಿಗೆ ಪೆನ್ಸಿಲ್ ಸೆಲ್ ಹಾಕುವ ಕೈ ಜಿಪಿಎಸ್ ವಾಸಿ. ಸೆಲ್ ಮುಗಿದರೆ ಬದಲಿಸಿದರಾಯಿತು.

ಬಯಲಲ್ಲಿ ಇವುಗಳ ನಿಖರತೆ ಸಾಮಾನ್ಯವಾಗಿ 3ರಿಂದ 5 ಮೀಟರ್. ದಟ್ಟ ಮರ, ಕಣಿವೆಗಳಲ್ಲಿ ತಪ್ಪು ಹೆಚ್ಚುತ್ತದೆ. ಹಾಗಾಗಿ ಜಿಪಿಎಸ್ ಜೊತೆ ಗ್ಲೋನಾಸ್, ಗೆಲಿಲಿಯೊ ಉಪಗ್ರಹಗಳ ಸಿಗ್ನಲ್ ಕೂಡ ಹಿಡಿಯುವ, ಒಂದೇ ಜಾಗದ ಹಲವು ರೀಡಿಂಗ್‌ಗಳ ಸರಾಸರಿ ತೆಗೆಯುವ ಮಾದರಿ ಆರಿಸಿ. ಜಮೀನಿನ ಗಡಿ ತಕರಾರಿಗೆ ಮಾತ್ರ ಇದನ್ನು ನಂಬಬೇಡಿ. 5 ಮೀಟರ್ ಎಂದರೆ 16 ಅಡಿ, ದಾಯಾದಿಗಳ ಜಗಳಕ್ಕೆ ಧಾರಾಳ ಸಾಕು! ಅದಕ್ಕೆ ಸರ್ವೇಯರೇ ಬರಬೇಕು.

ಸೆಟ್ಟಿಂಗ್ಸ್‌ನಲ್ಲಿ ಡೇಟಮ್ 'ಡಬ್ಲ್ಯೂಜಿಎಸ್ 84' ಇದೆಯೇ ನೋಡಿ. ಸರ್ವೇ ಆಫ್ ಇಂಡಿಯಾದ ಹಳೆಯ ನಕ್ಷೆಗಳು ಎವರೆಸ್ಟ್ ಡೇಟಮ್‌ನಲ್ಲಿವೆ. ಎರಡನ್ನೂ ಬೆರೆಸಿದರೆ ಗುರುತು ನೂರಾರು ಅಡಿ ಆಚೆ ಬೀಳಬಹುದು. ಡಿಗ್ರಿಯ ದಶಮಾಂಶದಲ್ಲಿ 5 ಅಂಕಿ ಬರೆದುಕೊಳ್ಳಿ. ಮೂರಕ್ಕೇ ನಿಲ್ಲಿಸಿದರೆ ಲೆಕ್ಕ 100 ಮೀಟರ್‌ವರೆಗೆ ಒರಟಾಗುತ್ತದೆ.

ವಿದೇಶದಿಂದ ತರಿಸುವವರು ಎಚ್ಚರ: ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸೌಲಭ್ಯವಿರುವ ಮಾದರಿಗಳಿಗೆ ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಕಡ್ಡಾಯ. ಅನುಮತಿಯಿಲ್ಲದೆ ಇಂಥ ಸಾಧನ ತಂದ ಪ್ರವಾಸಿಗರನ್ನು ವಿಮಾನ ನಿಲ್ದಾಣಗಳಲ್ಲಿ ವಶಕ್ಕೆ ಪಡೆದ ಉದಾಹರಣೆಗಳಿವೆ.