ಕಳರಿ ವಿದ್ಯೆ: ಕಂಡರೆ ಸಾಲದು, ಮೈಗೂಡಬೇಕು

ಓದಿ ತಿಳಿದರೂ ಕೈಗೆ ಬಾರದ ವಿದ್ಯೆಯನ್ನು ನಮ್ಮ ಹಿರಿಯರು 'ಪುಸ್ತಕದ ಬದನೆಕಾಯಿ' ಎಂದರು. ಈಗ ಪುಸ್ತಕದ ಜಾಗಕ್ಕೆ ಮೊಬೈಲ್ ಫೋನಿನ ವಿಡಿಯೋ ಬಂದಿದೆ. ಅದರಲ್ಲಿ ಕಂಡ ಜಿಗಿತ, ಒದೆತ, ಕೋಲಿನ ವರಸೆಗಳನ್ನು ಮನೆಯಂಗಳದಲ್ಲೇ ಪ್ರಯೋಗಿಸುವ ಮಕ್ಕಳಿದ್ದಾರೆ. ಅಡುಗೆ ಕೆಟ್ಟರೆ ಒಂದು ಹೊತ್ತಿನ ಊಟ ಹೋದೀತು. ಸಮರಕಲೆ ಕೆಟ್ಟರೆ ಹೋಗುವುದು ಮೊಣಕಾಲು, ಬೆನ್ನು.

ಭಾಗಮಂಡಲದಿಂದ ಘಟ್ಟ ಇಳಿದರೆ ಸಿಗುವ ಕರಿಕೆ ಕೊಡಗಿನ ಗಡಿಯ ಊರು. ಅಲ್ಲಿಂದಾಚೆ ಕಾಸರಗೋಡು ಜಿಲ್ಲೆಯ ಪಾಣತ್ತೂರು. ಈ ಸೀಮೆಯ ಒಂದು ಕಡೆ ಉತ್ತರ ಮಲಬಾರಿನ ಕಳರಿಪಯಟ್ಟು, ಇನ್ನೊಂದು ಕಡೆ ಕೊಡವರ ಪರೆಯಕಳಿ. ಪರೆಯಕಳಿಯಲ್ಲಿ ಬೆತ್ತ, ಗುರಾಣಿ ಹಿಡಿದು ಇಬ್ಬರು ಎದುರಾಗುತ್ತಾರೆ. ಪೆಟ್ಟು ಮಾತ್ರ ಮೊಣಕಾಲಿನ ಕೆಳಗೇ ಬೀಳಬೇಕು. ಹೊಡೆಯುವುದಕ್ಕಿಂತ ಹೊಡೆತವನ್ನು ಹತೋಟಿಯಲ್ಲಿಡುವುದು ಕಷ್ಟ. ನಿಜವಾದ ಅಭ್ಯಾಸಕ್ಕೂ ತೋರಿಕೆಯ ತಿಳಿವಳಿಕೆಗೂ ಇರುವ ಅಂತರ ಇಲ್ಲೇ ಕಾಣುತ್ತದೆ.

ಮೆಟ್ಟಿಲು ಹತ್ತುವ ಕ್ರಮ

ಕಳರಿಯಲ್ಲಿ ಕಲಿಕೆಗೆ ಮೆಟ್ಟಿಲುಗಳಿವೆ. ಮೊದಲನೆಯದು ಮೈತ್ತಾರಿ, ಅಂದರೆ ಬರಿಮೈಯ ಕಸರತ್ತು: ಕಾಲೆತ್ತುವುದು, ಬಾಗುವುದು, ಜಿಗಿಯುವುದು, ಆನೆ, ಸಿಂಹ, ಹಂದಿ, ನವಿಲುಗಳ ಹೆಸರಿನ ಭಂಗಿಗಳಲ್ಲಿ ನಿಲ್ಲುವುದು. ಅದು ಮೈಗೂಡಿದ ಮೇಲೆ ಕೋಲ್ತಾರಿ, ಅಂದರೆ ಮರದ ಕೋಲುಗಳ ಅಭ್ಯಾಸ. ಬಳಿಕ ಕತ್ತಿ, ಗುರಾಣಿಗಳ ಅಂಕತ್ತಾರಿ. ಬರಿಗೈಯ ಹೋರಾಟ ಬರುವುದು ಇವೆಲ್ಲ ಆದ ನಂತರ.

ಈ ನಿಧಾನಕ್ಕೆ ದೇಹಶಾಸ್ತ್ರದ ಕಾರಣವಿದೆ. ವ್ಯಾಯಾಮ ಆರಂಭಿಸಿದ ಕೆಲವೇ ವಾರಗಳಲ್ಲಿ ಸ್ನಾಯುಗಳು ಬಲಗೊಳ್ಳುತ್ತವೆ. ಆದರೆ ಅವನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜುಗಳೂ ಕೀಲಿನ ಅಸ್ಥಿರಜ್ಜುಗಳೂ ಗಟ್ಟಿಯಾಗಲು ತಿಂಗಳುಗಳು ಬೇಕು. 'ಶಕ್ತಿ ಬಂದಿದೆ' ಎಂದು ಆತುರಪಟ್ಟವರಿಗೆ ಉಳುಕು ಬರುವುದು ಈ ನಡುವಿನ ಅವಧಿಯಲ್ಲಿ. ಬೆಳೆಯುವ ಮಕ್ಕಳ ಎಲುಬಿನ ತುದಿಗಳಲ್ಲಿ ಬೆಳವಣಿಗೆಯ ಮೃದ್ವಸ್ಥಿ ಇರುತ್ತದೆ. ಕಾಲನ್ನು ಬಲವಂತವಾಗಿ ಅಗಲಿಸಿ ಕೂರಿಸುವುದು, ಬೆನ್ನ ಮೇಲೆ ಹತ್ತಿ ಒತ್ತುವುದು ಸಲ್ಲದು.

ಕ್ರಮ ತಪ್ಪದ ಅಭ್ಯಾಸದ ಫಲಕ್ಕೆ ವಡಗರದ ಮೀನಾಕ್ಷಿ ಅಮ್ಮ ಸಾಕ್ಷಿ. ಏಳನೇ ವಯಸ್ಸಿಗೆ ಕಳರಿಗೆ ಇಳಿದ ಅವರು ಎಪ್ಪತ್ತು ದಾಟಿದ ಮೇಲೂ ಕತ್ತಿ, ಗುರಾಣಿ ಹಿಡಿದು ಕಲಿಸುತ್ತಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಲ್ಲರೂ ಅವರಷ್ಟು ಸಾಧಿಸಬೇಕಿಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಅಗತ್ಯವನ್ನು ಮೈತ್ತಾರಿಯೊಂದೇ ಪೂರೈಸಬಲ್ಲದು.

ಮರ್ಮದ ಮಾತು

ಅರೆಬರೆ ತಿಳಿದವರಿಗೆ ಅತಿ ಪ್ರಿಯವಾದ ವಿಷಯ ಮರ್ಮ. ಸುಶ್ರುತ ಸಂಹಿತೆ 107 ಮರ್ಮಸ್ಥಾನಗಳನ್ನು ಹೇಳಿದೆ. ಶಸ್ತ್ರವೈದ್ಯ ಅಲ್ಲಿ ಕತ್ತಿ ತಾಗಿಸದೆ ಎಚ್ಚರ ವಹಿಸಲಿ ಎಂಬುದು ಅದರ ಉದ್ದೇಶಗಳಲ್ಲೊಂದು. ಕಳರಿ ಪರಂಪರೆಯಲ್ಲೂ ಮರ್ಮವಿದ್ಯೆಯನ್ನು ಕೊನೆಗೆ, ನಂಬಿಕೆಯ ಶಿಷ್ಯನಿಗೆ, ಅದರ ಚಿಕಿತ್ಸೆಯೊಡನೆ ಕಲಿಸುತ್ತಾರೆ. ಮೊದಲ ವಾರವೇ ಮರ್ಮಪ್ರಹಾರ ತೋರಿಸಿ ಮಕ್ಕಳನ್ನು ಸೆಳೆಯುವವರಿಂದ ದೂರವಿರಿ. ಕತ್ತು, ಕಿವಿಯ ಹಿಂಭಾಗ, ಎದೆಗಳ ಮೇಲೆ ಆಟಕ್ಕೂ ಹೊಡೆಯಬಾರದು. ಅಲ್ಲಿನ ಪೆಟ್ಟಿಗೆ ಪ್ರಾಣವೇ ಹೋದೀತು.

ಪೆಟ್ಟಾದರೆ ಏನು ಮಾಡಬೇಕು?

ಉಳುಕಿ ಊದಿಕೊಂಡ ಕೀಲಿಗೆ ಕೂಡಲೇ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ. ಕಳರಿಯ ಎಣ್ಣೆಯುಜ್ಜುವಿಕೆ ಆರೋಗ್ಯವಂತ ಮೈಯನ್ನು ಸಡಿಲಗೊಳಿಸುವ ಕ್ರಮವಾಗಿ ಒಳ್ಳೆಯದೇ. ಆದರೆ ಹೊಸ ಪೆಟ್ಟನ್ನು ಮೊದಲ ಎರಡು ದಿನ ತಿಕ್ಕಿದರೆ ಒಳಗಿನ ರಕ್ತಸ್ರಾವ, ಊತ ಹೆಚ್ಚುತ್ತವೆ. ಎಲುಬು ಬಿರಿದಿದ್ದರೆ ಜರುಗಲೂಬಹುದು. ಪೆಟ್ಟಾದ ಭಾಗಕ್ಕೆ ವಿಶ್ರಾಂತಿ ಕೊಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಡಿ. ಹದವಾಗಿ ಬಟ್ಟೆ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ.

ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಂಗ ಸೊಟ್ಟಗಾಗಿದ್ದರೆ, ಮರಗಟ್ಟಿದರೆ ಎಕ್ಸ್‌ರೇ ಬೇಕು. ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಪ್ರಜ್ಞೆ ತಪ್ಪಿದರೆ, ವಾಂತಿಯಾದರೆ, ಮಾತು ತೊದಲಿದರೆ, ಮಂಪರು ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಕರಿಕೆಯಂಥ ಊರಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಡಿಕೇರಿ, ಸುಳ್ಯ ಇಲ್ಲವೇ ಕಾಞಂಗಾಡಿನ ದಾರಿ ಹಿಡಿಯಬೇಕು. ಮಳೆಗಾಲದ ಘಟ್ಟದಲ್ಲಿ ಒಂದೊಂದು ಗಂಟೆಯೂ ಮುಖ್ಯ. 'ಬೆಳಗ್ಗೆ ನೋಡೋಣ' ಎನ್ನಬೇಡಿ.

ಗುರುವನ್ನು ಆರಿಸುವಾಗ

ಮಗುವನ್ನು ಸೇರಿಸುವ ಮುನ್ನ ಪಾಲಕರು ಒಂದು ದಿನ ಕುಳಿತು ತರಗತಿ ನೋಡಲಿ. ಮೈ ಬಿಸಿ ಮಾಡಿಸದೆ ಪಾಠ ಶುರುವಾಗುತ್ತದೆಯೇ? ಚಿಕ್ಕವರನ್ನು ದೊಡ್ಡವರೊಡನೆ ಸೆಣಸಲು ಬಿಡುತ್ತಾರೆಯೇ? ನೋವೆಂದು ಹೇಳಿದ ಮಗುವನ್ನು ಹೀಯಾಳಿಸುತ್ತಾರೆಯೇ? ಮೂರು ತಿಂಗಳಲ್ಲಿ ಪದಕ, ಪ್ರಮಾಣಪತ್ರ ಎಂಬ ಆಸೆ ತೋರಿಸುತ್ತಾರೆಯೇ? ಒಂದಕ್ಕೆ 'ಹೌದು' ಎಂಬ ಉತ್ತರ ಬಂದರೂ ಬೇರೆ ಗುರುವನ್ನು ಹುಡುಕುವುದು ಲೇಸು.

ಹೃದ್ರೋಗ, ರಕ್ತದೊತ್ತಡ, ಹರ್ನಿಯಾ, ಬೆನ್ನುಮೂಳೆಯ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳಿ ಆರಂಭಿಸಲಿ. ಉಬ್ಬಸದ ಮಕ್ಕಳು ಔಷಧದ ಹತೋಟಿಯಲ್ಲಿದ್ದರೆ ಧಾರಾಳವಾಗಿ ಕಲಿಯಬಹುದು. ಸಕ್ಕರೆ ಕಾಯಿಲೆಯವರು ಬರಿಗಾಲಿನ ಅಭ್ಯಾಸದ ನಂತರ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು.

ವಿಡಿಯೋ ನೋಡುವುದು ತಪ್ಪಲ್ಲ, ಆಸಕ್ತಿ ಹುಟ್ಟಲು ಅದು ನೆರವಾಗುತ್ತದೆ. ಆದರೆ ತಪ್ಪಿದ ಹೆಜ್ಜೆಯನ್ನು ಕಂಡು 'ನಿಲ್ಲು' ಎನ್ನಲು ಎದುರಿಗೆ ಗುರು ಬೇಕು. ಮಗು ಮೊದಲ ವರ್ಷ ಕಾಲೆತ್ತುವುದನ್ನಷ್ಟೇ ಕಲಿತು ಬಂದರೆ ಬೇಸರಿಸಬೇಡಿ. ವಿದ್ಯೆ ಸರಿಯಾದ ದಾರಿಯಲ್ಲೇ ಸಾಗಿದೆ.